ಅಜ್ಜಿ ಕೇಳ್ಯಾಳ

ನಮ್ಮ ಮನೆಯಿಂದ ಹೋಗುವ ಮೇಲ್ ಯಾರಿಗೇ ಆಗಲಿ, ಕೊನೆಯ ಸಾಲಿನಲ್ಲಿ ‘ಅಜ್ಜಿ ಕೇಳ್ಯಾಳ’ ಅಂತ, ಅಂದರೆ ಅಜ್ಜಿ ನಿಮ್ಮ ಕ್ಷೇಮ ಕೇಳಿದ್ದಾಳೆ ಅಂತ, ಇರಲೇಬೇಕು. ರಾಯಚೂರಿನ ಅಂಗಡಿಗೆ ಬಣ್ಣ ಕೇಳಿ ಬರೆದರೂ ಇರಬೇಕು, ಮಕ್ತಲಿನ ನೂಲಿನ ಡಿಪೋಕ್ಕೆ ತಕರಾರು ಬರೆದರೂ ಇರಬೇಕು. ನಾನು ಕಂಪ್ಯೂಟರ್ ಮುಂದೆ ಕೂತ ಸಪ್ಪಳಕ್ಕೇ ಅಜ್ಜಿ ಸುಗುಣಮ್ಮ ಎಲೆಅಡಿಕೆ ಚೀಲ ಸೊಂಟಕ್ಕೆ ಸಿಗಿಸಿಕೊಂಡು ಹಿಂದೆ ಬಂದು ನಿಲ್ಲುವಳು.

“ಬರದ್ಯೇನ ಶಿರೀಷಾ, ನಾ ಕೇಳೀನಂತ?”

“ಅಂವ ಅಂಗಡಿಯವ ಅಜ್ಜಿ. ನಿನ್ನ ಮಾರಿನೂ ನೋಡಿಲ್ಲ.”

“ನೋಡದಿದ್ರ ಕೇಳಬಾರದೇನು? ಸೀರಿ ಬೇಕು, ಸೀರಿ ನೇಯ್ದ ಮನ್ಯಾಗಿನ ಮುದುಕಿ ಬ್ಯಾಡೇನು ಅಂವಗ?”

ಬರೆಯದೆ ಕಳಿಸಿದರೆ ಅವಳಿಗೆ ಅದು ಹೇಗೋ ಗೊತ್ತಾಗುತ್ತಿತ್ತು. ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತಾ, “ಇವತ್ತು ಯಾಕೋ ನನ್ನ ಹೆಸರು ಮನಿ ದಾಟಲಿಲ್ಲ” ಅನ್ನುವಳು. ಅದಕ್ಕೇ ಕೊನೆಕೊನೆಗೆ ನನ್ನ ಬೆರಳು ತಾನಾಗಿಯೇ ಇಂಗ್ಲಿಷ್ ಅಕ್ಷರದಲ್ಲಿ ಅದನ್ನು ಒತ್ತಿಬಿಡುತ್ತಿತ್ತು. ರಾಯಚೂರಿನವನೂ ರೂಢಿಯಾಗಿ ‘ಅಜ್ಜಿಗೆ ನಮಸ್ಕಾರ’ ಅಂತ ತಿರುಗಿ ಬರೆಯುತ್ತಿದ್ದ.

ನಾರಾಯಣಪೇಟೆಯಲ್ಲಿ ನಮ್ಮದು ಒಂದು ಮಗ್ಗದ ಮನೆ. ಅಪ್ಪ ಮಾರ್ಕಂಡೇಯ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವವನು. ಅವ್ವ ತಿರುಪತಮ್ಮ ಹಾಸಿನ ಎಳೆ ಹೂಡುವವಳು. ನಾನು ಡಿಗ್ರಿ ಮುಗಿಸಿ, ರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಾ ಅಜ್ಜಿಯ ಕತೆ ಕೇಳುವವಳು. ಕತೆ ಕೇಳುತ್ತಾ ನನ್ನ ರಾಟೆ ನಿಂತುಬಿಡುತ್ತದೆಂದು ಅಪ್ಪನ ದೂರು. ಕಂಪ್ಯೂಟರ್ ಬಂದದ್ದು ನನ್ನ ಹಟಕ್ಕೆ. ಹತ್ತಿಯ ಧೂಳು ಹಿಡಿಯಬಾರದೆಂದು ಅದಕ್ಕೆ ಹಳೆಯ ಚೌಕಡಿ ಸೀರೆ ಹೊದಿಸಿದ್ದೆವು. ಬಂದ ಮಂದಿ ಅದನ್ನು ದೇವರ ಪೆಟ್ಟಿಗೆಯೆಂದು ತಿಳಿದು ಕೈ ಮುಗಿದದ್ದೂ ಉಂಟು.

ಸೀರೆಗೆ ಹೊಸ ಅಂಚಿನ ನಕ್ಷೆ ಹೊಳೆದರೆ ಅಪ್ಪ ಮೊಳದಷ್ಟು ನೇಯ್ದು ನಿಲ್ಲಿಸುವನು. ನಾನು ಅದರ ಫೋಟೋ ತೆಗೆದು, ಮೇಲೆ ‘ಸ್ಯಾಂಪಲ್’ ಎಂದು ಬರೆದು ಕಳಿಸುತ್ತಿದ್ದೆ. ಸೀರೆಯ ಧಂದೆಯಲ್ಲಿ ಆ ಒಂದು ಶಬ್ದ ಕಂಡರೆ ಉಣ್ಣುವವನೂ ಕೈ ತೊಳೆದು ಏಳುತ್ತಾನೆ. ಯಾರು ಮೊದಲು ಹ್ಞೂಂ ಅಂದರೋ ಅಂಚು ಅವರ ಅಂಗಡಿಗೆ. ತೆರೆಯಲೋ ಬೇಡವೋ ಎಂದು ಯೋಚಿಸುತ್ತಾ ಕೂತವನಿಗೆ ಅಂಚೂ ಇಲ್ಲ, ಗಿರಾಕಿಯೂ ಇಲ್ಲ.

ಆ ಶಬ್ದದಿಂದಲೇ ನಮ್ಮ ಅಕ್ಕ ರಜಿತಾ ತವರಿನಲ್ಲಿ ಕೂಡುವಂತಾಯಿತು.

ನಮ್ಮ ತೆಲುಗು ಸೀಮೆಯ ರಾಜ್ಯ ಎರಡಾಗುವುದೆಂದು ಖಾತ್ರಿಯಾಗಿದ್ದ ವರ್ಷದ ಯುಗಾದಿ ಅದು. ಅಕ್ಕನನ್ನು ಗದ್ವಾಲಿಗೆ ಕೊಟ್ಟಿದ್ದೆವು. ಭಾವ ಭಾನುಪ್ರಕಾಶ ಮೆತ್ತಗಿನ ಮನುಷ್ಯ. ಅವರ ಅಪ್ಪ ಭೀಮಶಂಕರ್ ಅವರದು ಸೀರೆ ಅಂಗಡಿ. ಆ ಸಂಬಂಧ ಕೂಡಿಸಿದವನು ಮಕ್ತಲಿನ ಯಂಕಣ್ಣ ಮಾವ, ಅವ್ವನ ಅಣ್ಣ. ಅವನ ಡಿಪೋದಿಂದಲೇ ನಮಗೂ ನೂಲು, ಗದ್ವಾಲದವರಿಗೂ ನೂಲು.

ಹಬ್ಬಕ್ಕೆ ಅಕ್ಕ ಬಂದಿದ್ದಳು. ಹೋಳಿಗೆಗೆ ತುಪ್ಪ ಹಾಕುವ ಹೊತ್ತಿಗೆ ಭೀಮಶಂಕರ್ ಅವರ ಫೋನು ಬಂತು. ಹಬ್ಬದ ಮಾತು ಮುಗಿದ ಮೇಲೆ ಅವರು ಅಪ್ಪನಿಗೆ, “ಆ ಹೊಸ ಗೋಪುರದ ಅಂಚು ನಮ್ಮ ದುಕಾನಕ್ಕ ಮಾತ್ರ ಕೊಡ್ರಿ ಬೀಗರೇ” ಅಂದರು.

“ರಾಯಚೂರದವರಿಗೂ ಮಾತು ಕೊಟ್ಟೀನಲ್ರಿ.”

“ಮಗಳನ್ನ ಕೊಟ್ಟಿದ್ದು ರಾಯಚೂರಿಗೋ, ಗದ್ವಾಲಿಗೋ?”

“ಮಗಳು ಬ್ಯಾರೆ, ಅಂಚು ಬ್ಯಾರೆರಿ” ಅಂದ ಅಪ್ಪ. ಆ ಕಡೆ ಫೋನು ಇಟ್ಟ ಸಪ್ಪಳ ನಮಗೂ ಕೇಳಿಸಿತು. ಅವ್ವ ತುಪ್ಪದ ಚಮಚ ಹಿಡಿದು ನಿಂತೇ ಇದ್ದಳು. “ಹಬ್ಬದ ದಿನ ಬೀಗರಿಗೆ ಇಲ್ಲನ್ನಬಾರದಿತ್ತು” ಅಂದಳು.

ತವರಿಗೆ ಬಂದ ಸೊಸೆ ತಾನಾಗಿ ತಿರುಗಿ ಹೋಗುವಂತಿಲ್ಲ. ಗಂಡನ ಮನೆಯವರು ಬಂದು ಕರೆಯಬೇಕು. ಶುಕ್ರವಾರ ಭಾವ ಬರುತ್ತಾರೆಂದು ಅಕ್ಕ ಬ್ಯಾಗು ತುಂಬಿ, ಜಡೆ ಹಾಕಿಕೊಂಡು ಕೂತಿದ್ದಳು. ಭಾವನಿಗೆ ಇಷ್ಟವೆಂದು ಅವ್ವ ಪುಂಡಿಪಲ್ಯ ಮಾಡಿದ್ದಳು. ಮಧ್ಯಾಹ್ನ ಭಾವನ ಬದಲು ಅವರಪ್ಪನ ಫೋನು ಬಂತು. ಈ ಸಲ ಅವರು ನನ್ನನ್ನೇ ಕೇಳಿದರು.

“ಏಂದಮ್ಮಾ ಶಿರೀಷಾ, ಸ್ಯಾಂಪಲ್ ಭಾಳ ಚಲೋ ಕಳ್ಸೀದಿ.”

“ನಾ ಯಾವ ಸ್ಯಾಂಪಲ್ಲೂ ಕಳ್ಸಿಲ್ಲ ಕಾಕಾರೇ.”

“ನಿನ್ನ ಹೆಸರು ಐತಿ. ನಿಮ್ಮ ಮನಿ ಮೇಲ್ ವಿಳಾಸ ಐತಿ. ‘ಯುವರ್ ಸ್ಯಾಂಪಲ್’ ಅಂತ ಐತಿ. ನಾನೇ ತಗದೆ. ಏನೂ ಕಾಣಲಿಲ್ಲ. ಮರುದಿನ ನೋಡಿದ್ರ ಕಂಪ್ಯೂಟರ್ ಹೆಣ! ನಮ್ಮಪ್ಪನ ಕಾಲದ ಅಂಚಿನ ನಕ್ಷಿ ಎಲ್ಲಾ ಅದರಾಗಿದ್ವು. ಕಾಗದಾ ಗೆದ್ದಲು ತಿಂದಾವಂತ ಅದರಾಗ ತುಂಬಿ ಇಟ್ಟಿದ್ದೆ. ಒಂದೂ ಉಳಿದಿಲ್ಲ. ಅಂಚು ಕೊಡೂದಿಲ್ಲಂದ್ರ ಬ್ಯಾಡ, ನಮ್ಮ ಅಂಚು ಯಾಕ ಸುಟ್ರಿ?”

ಒಂದು ಉಪಾಯ ಹೊಳೆಯಿತು.

“ಕಾಕಾರೇ, ಅದರ ಕೊನಿಗೆ ‘ಅಜ್ಜಿ ಕೇಳ್ಯಾಳ’ ಅಂತ ಇತ್ತೇನ್ರಿ? ನಾ ಬರದ್ರ ಅದು ಇದ್ದೇ ಇರ್ತೈತಿ.”

“ಇರಲಿಲ್ಲ!” ಎಂದು ಅವರು ಇನ್ನೂ ಜೋರಾದರು. “ಮನಿ ಸುಡಾಕ ಬಂದೋರು ‘ಆರಾಮಿದ್ದೀರೇನು’ ಅಂತ ಕೇಳ್ತಾರೇನಮ್ಮಾ? ಸಿಟ್ಟಿಲೇ ಕಳ್ಸೀರಿ, ಅದಕ್ಕ ಮುದುಕಿ ಹೆಸರು ಬಿಟ್ಟೀರಿ. ಚಾಲು, ಇಂಕ ಚಾಲು, ಸಾಕಿನ್ನ. ಹುಡುಗಿ ಅಲ್ಲೇ ಇರಲಿ.”

ನಮ್ಮ ಸಾಕ್ಷಿಯೇ ನಮಗೆ ಎದುರಾಯಿತು. ಅಕ್ಕ ಎದ್ದು ಹೋಗಿ ಜಡೆಯ ಹೂವು ತೆಗೆದು ದೇವರ ಮುಂದೆ ಇಟ್ಟಳು. ಆ ಸಂಜೆ ಯಾರೂ ಪುಂಡಿಪಲ್ಯ ಮುಟ್ಟಲಿಲ್ಲ.

ಮರುದಿನದಿಂದ ಮನೆಯಲ್ಲಿ ಜಗಳ ಊಟದ ಜೊತೆಗೇ ಬಡಿಸಿದಂತೆ ಬಂತು.

“ಆ ಡಬ್ಬಿ ಇಲ್ಲದಾಗ ಸೀರಿ ಹೋಗ್ತಿದ್ದಿಲ್ಲೇನು?” ಅಪ್ಪ ಕೇಳುವನು.

“ಹೋಗ್ತಿದ್ವು. ನೀ ಗಂಟು ಹೊತಗೊಂಡು ಊರೂರು ತಿರಗತಿದ್ದಿ” ಅಂತ ನಾನು.

“ಎದುರು ಮಾತಾಡಬ್ಯಾಡ!” ಅಂತ ಅವ್ವ. “ನಿನಗೆ ಗೊತ್ತಿಲ್ಲದ ಏನರ ಒತ್ತಿದ್ಯೇನು? ಕತಿ ಕೇಳ್ತಾ ಕೇಳ್ತಾ ಕೈ ಎಲ್ಲೆರ ಹೋತೇನು?”

“ಇಲ್ಲ ಅವ್ವಾ.”

“ಹಂಗಾದ್ರ ನಿನ್ನ ಹೆಸರು ಹೆಂಗ ಬಂತು?”

ಅಕ್ಕ ಮಾತ್ರ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ನನ್ನ ಕೈಯಿಂದ ರಾಟೆ ಕಸಿದುಕೊಂಡು ಇಡೀ ದಿನ ಕಂಡಿಕೆ ಸುತ್ತುವಳು. ಬಸ್ಸಿನ ಹಾರ್ನ್ ಕೇಳಿದಾಗ ಒಮ್ಮೆ ಎಳೆ ಹರಿಯುವುದು, ಮತ್ತೆ ಗಂಟು ಹಾಕುವಳು.

ನಾನು ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಜಂಬಪ್ಪನನ್ನು ಕರೆತಂದೆ. ಅವನು ಮಿರ್ಚಿ ತಿಂದ ಕೈ ಪ್ಯಾಂಟಿಗೆ ಒರೆಸಿಕೊಂಡು ಕೂತು, ಎಲ್ಲವನ್ನೂ ತಡಕಿ ನೋಡಿ, “ಇದರಾಗ ಹುಳಾ ಇಲ್ಲ” ಅಂದ.

“ಹುಳಾ?” ಅಪ್ಪ ಮಗ್ಗದಿಂದಲೇ ಕೇಳಿದ.

“ವೈರಸ್‌ರಿ. ನಿಮ್ಮ ಮಿಷಿನ್ನು ಸ್ವಚ್ಛ ಐತಿ. ಯಾರೋ ನಿಮ್ಮ ಹೆಸರು ಹಾಕ್ಯಾರ ಅಷ್ಟ.”

“ನನ್ನ ಮಗಳ ಹೆಸರು ಯಾರಿಗೆ ಬೇಕಾಗಿತ್ತು?”

“ಯಾರಿಗೂ ಬೇಕಾಗಿಲ್ಲರಿ. ಅದು ಮನಶ್ಯಾನ ಕೆಲಸ ಅಲ್ಲ. ಹುಳಾ ಒಬ್ಬರ ಕಂಪ್ಯೂಟರಿಗೆ ಹೊಕ್ಕು, ಅಲ್ಲಿ ಯಾರ್‍ಯಾರ ವಿಳಾಸ ಅದಾವೋ ಎಲ್ಲಾ ಬಾಚಿಕೊಳ್ತೈತಿ. ಅದರಾಗ ಒಂದು ವಿಳಾಸಕ್ಕ ತನ್ನ ಮರಿ ಕಳಸ್ತೈತಿ, ಇನ್ನೊಂದು ವಿಳಾಸ ‘ಇವರು ಕಳ್ಸ್ಯಾರ’ ಅಂತ ಹಾಕ್ತೈತಿ. ಪೋಸ್ಟಿನ ಲಕೋಟಿ ಮ್ಯಾಲ ‘ಇಂದ’ ಅಂತ ಇರ್ತದಲ್ರಿ, ಅಲ್ಲಿ ನೀವು ಕಲೆಕ್ಟರ್ ಹೆಸರು ಬರದ್ರ ಪೋಸ್ಟ್‌ಮನ್ ಏನರ ತಡೀತಾನೇನು?”

“ಹಂಗಾದ್ರ ಹುಳಾ ಯಾರ ಮನ್ಯಾಗ ಐತಿ?”

“ಯಾರ ಹೆಸರು ಇರ್ತೈತೋ ಅವರ ಮನ್ಯಾಗಂತೂ ಇರೂದು ಕಡಿಮಿ. ಎರಡೂ ಮನಿ ಗುರ್ತು ಇರೋ ಮೂರನೇ ಮನ್ಯಾಗ.” ಏಳುತ್ತಾ ಅವನು ನನಗೆ ಹೇಳಿದ: “ಮೇಲ್ ಬಂದ್ರ ಕಾಗದ ಓದು. ಜೋಡಿ ಕಟ್ಟಿ ಕಳ್ಸಿದ ಗಂಟು, ಅಟ್ಯಾಚ್‌ಮೆಂಟ್ ಅಂತಾರಲ್ಲ, ಅದನ್ನ ಮಾತ್ರ ಬಿಚ್ಚಬ್ಯಾಡ. ಬಿಚ್ಚೂಕಿಂತ ಮೊದಲು ಫೋನ್ ಮಾಡಿ, ನೀವೇ ಕಳ್ಸೀರೇನು ಅಂತ ಕೇಳು.”

ಅಪ್ಪ ಲಾಳಿ ಎಸೆದ. “ಹೆಸರು ನಮ್ದು, ತಪ್ಪು ಇನ್ಯಾರದೋ ಅಂತ ಗದ್ವಾಲಕ್ಕ ಹೋಗಿ ಹೇಳಿದ್ರ ನನಗ ಅಲ್ಲಿ ನೀರೂ ಕೊಡೂದಿಲ್ಲ.”

ಆದರೂ ಹೇಳುವವನು ಒಬ್ಬ ಬೇಕಲ್ಲ. ಅವ್ವ ಮಕ್ತಲಿಗೆ ಫೋನು ಮಾಡಿದಳು. ಯಂಕಣ್ಣ ಮಾವ ಮರುದಿನವೇ ಬಂದ. ಬಿಳಿ ಧೋತರ, ಹೆಗಲಿಗೆ ಟವಲು, ಕೈಯಲ್ಲಿ ಬಾಳೆಹಣ್ಣು. ಅವ್ವನ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಎಲ್ಲವನ್ನೂ ಸಮಾಧಾನದಿಂದ ಉಂಡು, ತೇಗಿ, ಅಕ್ಕನ ತಲೆ ಮೇಲೆ ಕೈ ಇಟ್ಟ.

“ನಾ ಕೂಡಿಸಿದ ಸಂಬಂಧ ಇದು ರಜಿತಾ. ಮುರಿಯಾಕ ಬಿಡ್ತೀನೇನು? ಅವರ ಕಂಪ್ಯೂಟರ್ ಸರಿ ಆದ ಕೂಡ್ಲೇ ಭೀಮಶಂಕರಗ ನಾನೇ ಮೇಲ್ ಹಾಕ್ತೀನಿ. ಡಿಪೋಕ್ಕ ಕಂಪ್ಯೂಟರ್ ಬಂದ ಮ್ಯಾಲ ದಿನಾ ಮೇಲ್ ನೋಡೂದ ನನ್ನ ಕೆಲಸ. ಯಾರು ಕಳ್ಸಿದ್ರೂ ಬಿಚ್ಚಿ ನೋಡ್ತೀನಿ.”

“ಎಲ್ಲಾ ಬಿಚ್ಚತೀಯೇನು ಮಾವ?” ಅಂತ ನಾನು ಕೇಳಿದೆ.

“ಮತ್ತ? ಬಾಗಲಿಗೆ ಬಂದವ್ರಿಗೆ ನೀರು ಕೊಡದ ಕಳಸ್ತೀವೇನು? ಒಬ್ಬಂವ ನನ್ನ ಹೆಸರು ಹಿಡದು ಕಳ್ಸ್ಯಾನಂದ್ರ ನೋಡದ ಬಿಡೂದು ಮರ್ಯಾದಿ ಅಲ್ಲ. ಒಮ್ಮೊಮ್ಮೆ ಏನೂ ಕಾಣೂದಿಲ್ಲ. ಆವಾಗ ‘ಕಾಣಲಿಲ್ಲರಿ, ಇನ್ನೊಮ್ಮಿ ಕಳಸ್ರಿ’ ಅಂತ ಬರೀತೀನಿ.”

ನಾವೆಲ್ಲ ನಕ್ಕೆವು. ಹಬ್ಬದ ನಂತರ ಮನೆಯಲ್ಲಿ ಅದೇ ಮೊದಲ ನಗು. ಆ ಮಾತಿನ ಅರ್ಥ ಆಗ ನನಗೂ ಹೊಳೆಯಲಿಲ್ಲ.

ಎಲೆಕ್ಷನ್ ಬಂತು, ಹೋಯಿತು. ಬೀದಿ ತುಂಬ ಮೈಕು, ಹೊಸ ರಾಜ್ಯದ ಹಾಡು. ಭಾವ ಆಗಾಗ ಅಕ್ಕನಿಗೆ ಫೋನು ಮಾಡುತ್ತಿದ್ದರು. ತಮ್ಮ ಮನೆಯ ಮಾಳಿಗೆ ಹತ್ತಿ, ತಮ್ಮಪ್ಪನಿಗೆ ಕೇಳದಂತೆ, ಪಿಸುದನಿಯಲ್ಲಿ. ಒಂದು ದಿನ ಅಕ್ಕ ನಮ್ಮೆದುರಿಗೇ ಹೇಳಿದಳು: “ಕಳ್ಳರಂಗ ಮಾತಾಡಬ್ಯಾಡ್ರಿ. ನಾ ನಿಮ್ಮ ಹೆಂಡ್ತಿ. ಜೋರಾಗಿ ಮಾತಾಡಾಕ ಧೈರ್ಯ ಬಂದಾಗ ಬರ್ರಿ, ಅಲ್ಲಿತನಕ ಫೋನ್ ಮಾಡಬ್ಯಾಡ್ರಿ.” ಆಮೇಲೆ ಅವಳು ಅವರ ಫೋನು ಎತ್ತಲಿಲ್ಲ. ಫೋನು ಹಿಟ್ಟಿನ ಡಬ್ಬಿಯ ಮೇಲೆ ಗುಂಯ್ ಅಂತ ಅಲುಗುತ್ತಿದ್ದರೆ ಅವಳು ರೊಟ್ಟಿ ಬಡಿಯುವುದು ಇನ್ನೂ ಜೋರಾಗುತ್ತಿತ್ತು. ಬರಬರುತ್ತಾ ಫೋನು ಅಲುಗುವುದೂ ನಿಂತಿತು. ಆಗ ಅವಳ ರೊಟ್ಟಿ ಹರಿಯತೊಡಗಿತು.

ಓಣಿಯ ಹೆಂಗಸರು ಕೇಳಲು ಶುರುಮಾಡಿದರು. “ರಜಿತಾ ಇನ್ನೂ ಇಲ್ಲೇ ಅದಾಳಲ್ಲ, ಏನರ ವಿಶೇಷ ಐತೇನು?” ಅವ್ವ ಮೊದಮೊದಲು “ಬಿಸಲು ಇಳೀಲಿ ಅಂತ” ಅನ್ನುತ್ತಿದ್ದಳು. ಆಮೇಲೆ ನೀರಿಗೆ ನಲ್ಲಿಯ ಕಡೆ ಹೋಗುವುದನ್ನೇ ಬಿಟ್ಟಳು.

ಮೇ ತಿಂಗಳ ಒಂದು ಬೆಳಿಗ್ಗೆ ನಮ್ಮ ಕಂಪ್ಯೂಟರಿಗೆ ಮೇಲ್ ಬಂತು. ಕಳಿಸಿದವರು ಗದ್ವಾಲಿನ ಅಂಗಡಿ. ಮೇಲೆ ‘ಯುವರ್ ಸ್ಯಾಂಪಲ್’. ಕೆಳಗೊಂದು ಗಂಟು.

ನಾನು ಬಿಚ್ಚಲಿಲ್ಲ. ಆದರೆ ಸಪ್ಪಳವಿಲ್ಲದೆ ಮುಚ್ಚಿಬಿಡುವ ಬದಲು ಅಪ್ಪನನ್ನು ಕರೆದೆ. ಅಪ್ಪ ಹೆಸರು ಓದಿಸಿಕೊಂಡು ಕೆಂಪಗಾದ.

“ನೋಡು! ನಾವು ಮಾಡಿದ್ವಂತ ತಿಳದು ಈಗ ತಾವೇ ತಿರುಗಿ ಕಳ್ಸ್ಯಾರ. ಸೇಡು!”

ನಾನು ತಡೆಯುವಷ್ಟರಲ್ಲಿ ಅವನು ಭೀಮಶಂಕರ್ ಅವರಿಗೆ ಫೋನು ಹಚ್ಚಿಬಿಟ್ಟಿದ್ದ. ಇಬ್ಬರೂ ಎಷ್ಟು ಕೂಗಾಡಿದರೆಂದರೆ ಯಾರು ಏನಂದರೋ ಇಬ್ಬರಿಗೂ ಕೇಳಿರಲಿಕ್ಕಿಲ್ಲ. ಕೊನೆಗೆ ಅಪ್ಪ ಫೋನು ಕೆಳಗಿಟ್ಟ.

“ಏನಂದ್ರು?” ಅವ್ವ ಕೇಳಿದಳು.

“ಹಿರೇರನ್ನ ಕೂಡಸ್ರಿ, ರಜಿತಾನ ವಸ್ತು ಒಡವಿ ತಗೊಂಡು ಹೋಗ್ರಿ ಅಂದ್ರು.”

ಅವ್ವ ಒಲೆಯ ಮುಂದೆ ಕುಸಿದಳು. ಹಾಲು ಉಕ್ಕಿತು, ಯಾರೂ ಇಳಿಸಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳ ದನಿ ಮಾತ್ರ ನೆಟ್ಟಗಿತ್ತು.

“ಅಪ್ಪಾ, ಆ ಮೇಲ್ ಅವರು ಕಳ್ಸಿಲ್ಲ. ಅವರ ಕಂಪ್ಯೂಟರ್ ರಿಪೇರಿಗೆ ಕರ್ನೂಲಿಗೆ ಹೋಗೈತಿ. ಈ ತಿಂಗಳು ಮುಗಿಯೂತನಕ ಬರೂದಿಲ್ಲ. ಮಾಳಿಗಿ ಮ್ಯಾಲಿಂದ ಫೋನ್ ಮಾಡಿದಾಗ ಅವರೇ ಹೇಳಿದ್ರು.”

ನಾನು ನಿಧಾನವಾಗಿ ಅಂದೆ: “ಕಂಪ್ಯೂಟರೇ ಇಲ್ಲದ ಮನಿ ಹೆಸರಿಲೇ ಮೇಲ್ ಬಂದೈತಿ. ಅಂದ್ರ ನಮ್ಮ ಹೆಸರಿಲೇ ಹೋಗಿದ್ದೂ ಹಂಗ.”

“ಜಂಬಪ್ಪ ಹೇಳಿದ್ದು ಖರೆ ಹಂಗಾದ್ರ” ಅಂದ ಅಪ್ಪ. ಬೈಗುಳ ಹೊರಟುಹೋದ ಮೇಲೆ ಬಂದ ಬುದ್ಧಿ. ತಲೆ ಬಗ್ಗಿಸಿ ಕೂತ.

ಅಜ್ಜಿ ಕಂಬಕ್ಕೆ ಒರಗಿ ಅಡಿಕೆ ಕತ್ತರಿಸುತ್ತಿದ್ದಳು. ನನಗೆ ಅವಳ ಒಂದು ಕತೆ ನೆನಪಾಯಿತು. ದನಿ ಕದಿಯುವ ರಾಕ್ಷಸಿಯ ಕತೆ. ಅವಳು ತಾಯಿಯ ದನಿಯಲ್ಲಿ ಕೂಗಿ ಮಕ್ಕಳಿಂದ ಬಾಗಿಲು ತೆಗೆಸುತ್ತಾಳೆ. ಊರವರು ಏನೂ ಅರಿಯದ ತಾಯಂದಿರನ್ನೇ ಹಿಡಿದು ಬಡಿಯುತ್ತಾರೆ. ಸಣ್ಣವಳಿದ್ದಾಗ ನಾನು ಕೇಳುತ್ತಿದ್ದ ಪ್ರಶ್ನೆಯನ್ನೇ ಮತ್ತೆ ಕೇಳಿದೆ.

“ಅಜ್ಜಿ, ಆ ರಾಕ್ಷಸಿ ಎಲ್ಲಿ ಅಡಗಿದ್ಲು?”

“ಗಾಣಿಗರ ಮನ್ಯಾಗ. ಎಣ್ಣಿಗೆ ಬಂದು ನಿಂತ ಹೆಂಗಸು ಮಾತಾಡದ ಸುಮ್ನಿರ್ತಾಳೇನು? ಊರಾಗಿನ ದನಿ ಎಲ್ಲಾ ಅಲ್ಲಿ ಕೇಳ್ತಾವು. ಕಾಳು ತುಂಬೋ ಹಗೇವದಾಗ ಕೂತು ಎಲ್ಲರ ದನಿ ಕಲ್ತಳು.”

“ಗಾಣಿಗಗ ಗೊತ್ತಿತ್ತೇನು?”

“ಅಂವಗೇನು ಗೊತ್ತು ಪಾಪ. ಅಂವ ಎಲ್ಲರಿಗೂ ಎಣ್ಣಿ ಅಳೀತಿದ್ದ.”

ಎಲ್ಲರಿಗೂ ಎಣ್ಣೆ ಅಳೆಯುವವನು. ಎಲ್ಲರಿಗೂ ನೂಲು ತೂಗುವವನು. ನಾನು ಅವ್ವನ ಮುಖ ನೋಡಿದೆ. ಅವಳೂ ನನ್ನ ಮುಖ ನೋಡಿದಳು. ಅವಳಿಗೂ ಹೊಳೆದಿತ್ತು.

“ಬ್ಯಾಡ” ಅಂದಳು ಅವ್ವ. “ನಮ್ಮಣ್ಣನ ಹೆಸರು ಎತ್ತಬ್ಯಾಡ.”

ಆದರೂ ಎತ್ತಬೇಕಾಯಿತು. ಮರುದಿನ ಅವ್ವ, ನಾನು, ಜಂಬಪ್ಪ ಮಕ್ತಲಿನ ಬಸ್ಸು ಹತ್ತಿದೆವು. ಡಿಪೋದಲ್ಲಿ ಮಾವ ಸೋಡಾ ತರಿಸಿದ, ಫ್ಯಾನು ನಮ್ಮ ಕಡೆ ತಿರುಗಿಸಿದ. ಜಂಬಪ್ಪ ಅವನ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿ ಸ್ವಲ್ಪ ಹೊತ್ತು ಕೂತ. ಪರದೆ ತುಂಬ ಕೆಂಪು ಸಾಲು ಹರಿಯಿತು.

“ಇಲ್ಲೇ ಐತಿ” ಅಂದ. “ಗೂಡೇ ಐತಿ.”

ಮಾವ ಮೊದಲು ನಕ್ಕ. ಆಮೇಲೆ ನಮ್ಮ ಮೂವರ ಮುಖ ನೋಡಿ ಅವನ ನಗು ನಿಂತಿತು.

“ಅಂದ್ರ ಏನು? ಭೀಮಶಂಕರನ ಅಂಚು ಸುಟ್ಟಂವ ನಾನಂತೀರೇನು?”

“ನೀ ಅಲ್ಲ ಮಾವ, ನಿನ್ನ ಕಂಪ್ಯೂಟರಿನ್ಯಾಗಿನ ಹುಳಾ. ನಿನಗ ಗೊತ್ತಿಲ್ಲದ...”

“ನನಗ ಗೊತ್ತಿಲ್ಲದ ನನ್ನ ಡಿಪೋದಾಗ ಒಂದು ನೂಲಿನ ಉಂಡಿ ಹೊರಗ ಹೋಗೂದಿಲ್ಲ! ಇಷ್ಟು ವರ್ಷ ಎರಡೂ ಕಡಿ ತೂಕಾ ಮಾಡೀನಿ, ಒಂದು ಎಳಿ ಫರಕ್ ಬಂದಿಲ್ಲ. ಈಗ ಭೀಮಶಂಕರನ ಮುಂದ ಹೋಗಿ ‘ನಾನೇ ಕೆಡಿಸಿದೆ’ ಅನ್ಬೇಕೇನು? ನಾಳೆ ನನ್ನ ಹತ್ರ ನೂಲು ಯಾರು ತಗೋತಾರ?” ಅವನು ಅವ್ವನ ಕಡೆ ತಿರುಗಿದ. “ತಿರುಪತಮ್ಮ, ಮಗಳನ್ನ ಉಳಿಸಿಕೊಳ್ಳಾಕ ಅಣ್ಣನ್ನ ಕಳ್ಳನ್ನ ಮಾಡಾಕ ಬಂದ್ಯೇನು?”

ಅವ್ವ ಸೋಡಾದ ಬಾಟಲಿ ಕೆಳಗಿಟ್ಟಳು. ಒಂದು ಗುಟುಕೂ ಕುಡಿದಿರಲಿಲ್ಲ. “ನಾ ಏನೂ ಅನ್ನಲಿಲ್ಲ ಅಣ್ಣಾ” ಅಂದಳು. ಬಸ್ಸಿನಲ್ಲಿ ನನ್ನ ತೋಳು ಚಿವುಟಿ, “ನನ್ನ ತವರೂ ಮುಚ್ಚಿಸಿದಿ” ಅಂದಳು. ಅಕ್ಕನಿಗೆ ಹೋಗಲು ಮನೆ ಇಲ್ಲ, ಅವ್ವನಿಗೆ ತವರಿಲ್ಲ. ಎರಡೂ ನನ್ನ ಹೆಸರಿನಿಂದ ಶುರುವಾದದ್ದು.

ಆಮೇಲಿನ ದಿನಗಳು ಉಪ್ಪಿನಕಾಯಿಯವು. ಮಾವಿನಕಾಯಿ ಕೊಯ್ಯುವುದು, ಒರೆಸುವುದು, ಖಾರ ಕುಟ್ಟುವುದು. ಪ್ರತಿ ವರ್ಷ ಒಂದು ಜಾಡಿ ಗದ್ವಾಲಿಗೆ, ಒಂದು ಮಕ್ತಲಿಗೆ ಹೋಗುತ್ತಿತ್ತು. ಈ ಸಲ ಅವೆರಡೂ ಗೂಡಿನಲ್ಲಿ ಸಾಲಾಗಿ ಉಳಿದವು. ಅಪ್ಪ ಅವ್ವ ನೇರ ಮಾತು ಬಿಟ್ಟಿದ್ದರು.

“ಅತ್ತೀ, ನಿಮ್ಮ ಮಗಗ ಹೇಳ್ರಿ, ಅಂಬಲಿ ಐತಿ.”

“ಶಿರೀಷಾ, ನಿಮ್ಮವ್ವಗ ಹೇಳು, ಅವರಣ್ಣ ಒಂದು ಮಾತು ಹೇಳಿದ್ರ ನನ್ನ ಮಗಳು ಇವತ್ತು ಅವಳ ಮನ್ಯಾಗ ಅಂಬಲಿ ಕುಡೀತಿದ್ಲು.”

“ಹೇಳಾಕ ಬರದಿದ್ದವರು ಬೀಗರಿಗೆ ಯಾಕ ಫೋನ್ ಹಚ್ಚಿದ್ರಂತ ಕೇಳ್ರಿ ಅತ್ತೀ.”

“ನಾ ಏನು ತಂತಿ ಕಂಬನೇನು, ಇಬ್ಬರ ಮಾತೂ ನನ್ನ ಮ್ಯಾಲ ಹರಸ್ತೀರಿ!” ಅಂದಳು ಅಜ್ಜಿ. ಅಕ್ಕನ ಮುಖದಲ್ಲಿ ಒಂದು ಕ್ಷಣ ನಗು ಬಂದು ಹೋಯಿತು. ಗದ್ವಾಲಿನಿಂದ ಹಿರಿಯರನ್ನು ಕೂಡಿಸುವ ದಿನ ಇನ್ನೂ ಹೇಳಿರಲಿಲ್ಲ. ಯಾವ ಹೊತ್ತಿಗೆ ಹೇಳುತ್ತಾರೋ ಎಂದು ಅಪ್ಪನ ಫೋನು ಬಡಿದಾಗಲೆಲ್ಲ ಮಗ್ಗ ನಿಲ್ಲುತ್ತಿತ್ತು.

ಮೇ ಮುಗಿಯುತ್ತಿದ್ದಾಗ ಫೋನು ಬಂದದ್ದು ಅವ್ವನಿಗೆ. ಮಕ್ತಲಿನಿಂದ. ಮಾವನ ದನಿ ಎಂದಿನಂತಿರಲಿಲ್ಲ.

“ತಿರುಪತಮ್ಮ, ನಿನ್ನ ಮಗಳು ಅದಾಳೇನು ಬಾಜೂಕ? ಕೇಳು ಆಕಿಗೆ. ಇವತ್ತು ನನಗೊಂದು ಮೇಲ್ ಬಂತು. ‘ಯುವರ್ ಸ್ಯಾಂಪಲ್’. ಕಳ್ಸಿದಂವ ಯಾರು ಗೊತ್ತೇನು? ನಾನೇ! ಯಂಕಣ್ಣ, ಮಕ್ತಲ್. ನನಗ ನಾನೇ ಕಳ್ಸೀನಿ! ನಾ ಕಳ್ಸಿಲ್ಲಂತ ನನಗ ಗೊತ್ತೈತಲ್ಲ. ಹೆಸರು ನೋಡಿದ್ರ ನಂದು.”

ಅವ್ವ ಫೋನನ್ನು ನನ್ನ ಕಡೆಗೂ ವಾಲಿಸಿದಳು. ಮಾವನೇ ಅಂದ: “ಶಿರೀಷಾಗ ಹಿಂಗ ಆಗಿತ್ತಲ್ಲ.”

ಮರುದಿನ ಅವನು ಗದ್ವಾಲಿಗೆ ಹೋದನೆಂದು ಅವನ ಹೆಂಡತಿಯಿಂದ ತಿಳಿಯಿತು. ಬರೀ ಕೈಯಲ್ಲಿ ಅಲ್ಲ. ಕಂಪ್ಯೂಟರಿನ ಡಬ್ಬಿಯನ್ನು ಟವಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಜುರಾಲ ಅಣೆಕಟ್ಟು ದಾಟಿ ಹೋಗಿ, ಭೀಮಶಂಕರ್ ಅವರ ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಗಾದಿಯ ಮೇಲೆ ಇಟ್ಟನಂತೆ. “ಕಳ್ಳ ಇದರಾಗಿದ್ದ. ನಾರಾಯಣಪೇಟಿ ಮನ್ಯಾಗಲ್ಲ. ಬೈಯೂದಿದ್ರ ನನ್ನ ಬೈಯಿರಿ” ಅಂದನಂತೆ. ಭೀಮಶಂಕರ್ ಬೈಯಲಿಲ್ಲ, ಚಹಾ ಕೊಡಲೂ ಇಲ್ಲ. ಒಳಗೆ ಎದ್ದು ಹೋದರಂತೆ.

ಅಷ್ಟೇ ಸುದ್ದಿ. ಅದರ ಮೇಲೆ ಗದ್ವಾಲಿನಿಂದ ಒಂದು ಮಾತಿಲ್ಲ. ಅಪ್ಪ ಫೋನು ಹಚ್ಚಲು ಎರಡು ಸಲ ಕೈ ಹಾಕಿ ಬಿಟ್ಟ. ಅವ್ವ ಮಕ್ತಲಿನ ಜಾಡಿಯನ್ನು ಕಳಿಸಿಬಿಟ್ಟಳು. ಗದ್ವಾಲಿನ ಜಾಡಿ ಗೂಡಿನಲ್ಲಿ ಒಂಟಿಯಾಯಿತು.

ಹೊಸ ರಾಜ್ಯ ಬಂದ ದಿನ ಬೆಳಿಗ್ಗೆಯಿಂದ ಪಟಾಕಿ. ಬೀದಿಯಲ್ಲಿ ಪೇಢಾ ಹಂಚುತ್ತಿದ್ದರು. “ದೇಶದಾಗ ಗಡಿ ಗೆರಿ ಎಳದು ಮುಗಸಿದ್ರು. ನಮ್ಮ ಮನಿ ಮಾತು ಇನ್ನೂ ಮುಗೀಲಿಲ್ಲ” ಅಂದ ಅಪ್ಪ. ಅವ್ವನ ಕಡೆ ನೋಡಿಯೇ ಅಂದ. ಅವ್ವ ಅವನ ಕೈಗೇ ಪೇಢಾ ಕೊಟ್ಟಳು.

ನಾನು ಕಂಪ್ಯೂಟರಿನ ಹೊದಿಕೆ ತೆಗೆದೆ. ಮೇಲ್ ಬಂದಿತ್ತು. ಕಳಿಸಿದವರು ಭಾನುಪ್ರಕಾಶ, ಗದ್ವಾಲ್. ಮೇಲೆ ‘ಸ್ಯಾಂಪಲ್’. ಕೆಳಗೊಂದು ಗಂಟು.

ನಾನು ಮನೆಯವರನ್ನು ಕೂಗಿದೆ. ಎಲ್ಲರೂ ಬಂದು ನಿಂತರು. ಕಾಗದದಲ್ಲಿ ಒಂದೇ ಸಾಲು, ಇಂಗ್ಲಿಷಿನಲ್ಲಿ: ಜೋಡಿಸಿದ್ದನ್ನು ನೋಡಿ.

“ಹುಳಾನೂ ಹಿಂಗೇ ಬರೀತಿತ್ತು” ಅಂದೆ.

“ಅವರ ಕಂಪ್ಯೂಟರ್ ಬಂದಿರಬಹುದಲ್ಲ” ಅವ್ವ ಆಸೆಯಿಂದ ಅಂದಳು.

“ಮಕ್ತಲಿನ ಗೂಡಿನಿಂದ ಮೊದಲೇ ಹೊಂಟಿದ್ದೂ ಇರಬಹುದು” ಅಂದ ಅಪ್ಪ. “ಮುಟ್ಟಬ್ಯಾಡ.”

ಅಜ್ಜಿ ನನ್ನ ಹೆಗಲ ಮೇಲೆ ಬಗ್ಗಿದಳು. “ಕೊನಿಗೆ ನೋಡು. ನನ್ನ ಕೇಳ್ಯಾನೇನು?”

“ಇಲ್ಲ ಅಜ್ಜಿ.”

“ಹಂಗಾದ್ರ ಅಂವ ಅಲ್ಲ.”

“ಅವರಿಗೇನು ಗೊತ್ತು ನಮ್ಮ ಮನಿ ಪದ್ಧತಿ!” ಅಂದಳು ಅಕ್ಕ. “ಜಂಬಪ್ಪ ಏನಂದಿದ್ದ ಶಿರೀಷಾ? ಬಿಚ್ಚೂಕಿಂತ ಮೊದಲು?”

“ಫೋನ್ ಮಾಡಿ ಕೇಳು ಅಂದಿದ್ದ.”

ಅಕ್ಕ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿಯ ಮೇಲಿನ ಫೋನು ತಂದಳು. ಸೆರಗಿಗೆ ಹಿಟ್ಟು ಒರೆಸಿ, ಒತ್ತಿದಳು. ಆ ಕಡೆ ಎತ್ತಿದ್ದು ನಮಗೂ ಕೇಳಿಸಿತು, ಯಾಕೆಂದರೆ ಈ ಸಲ ಅಲ್ಲಿ ಪಿಸುದನಿ ಇರಲಿಲ್ಲ. ಗಾಡಿಯ ಸಪ್ಪಳದ ಮೇಲೆ ಜೋರು ದನಿ.

“ಹಲೋ! ರಜಿತಾ!”

“ಮೇಲ್ ಬಂದೈತಿ. ನೀವೇ ಕಳ್ಸಿದ್ದೇನು?”

“ನಾನೇ. ನಿನ್ನೆ ಕಂಪ್ಯೂಟರ್ ತಿರುಗಿ ಬಂತು, ರಾತ್ರಿ ಅಂಚಿನ ಸ್ಯಾಂಪಲ್ ಕಳ್ಸಿದೆ.”

“ನೀವೇ ಅಂತ ನಾ ಹೆಂಗ ನಂಬಲಿ? ಅಜ್ಜಿನ್ನ ಕೇಳೇ ಇಲ್ಲ ಅದರಾಗ.”

ಆ ಕಡೆ ಬರೀ ಗಾಡಿಯ ಸಪ್ಪಳ.

“ಅದರಾಗ ಯಾಕ ಕೇಳ್ಬೇಕು?” ಅಂದರು ಭಾವ. “ಕೇಳಾಕ ಬರಾಕತ್ತೀನಿ. ಬಸ್ಸು ಮಕ್ತಲ್ ದಾಟೇತಿ. ಅಪ್ಪನ ಮುಂದ ಹೇಳೇ ಹೊಂಟೀನಿ.”

ಅಕ್ಕ ಫೋನು ಇಟ್ಟು ಕನ್ನಡಿಯ ಮುಂದೆ ಹೋಗಲಿಲ್ಲ. ಕಂಡಿಕೆಯ ಮುಂದೆ ಕೂತಳು. ಎಳೆ ಸಿಗದೆ ಸುಮ್ಮನೆ ರಾಟೆ ತಿರುವುತ್ತಾ ಇದ್ದಳು. ಅವ್ವ ಪುಂಡಿಪಲ್ಯಕ್ಕೆ ಸೊಪ್ಪು ತರಲು ಓಡಿದಳು, ನಲ್ಲಿಯ ಮುಂದಿನಿಂದಲೇ. ಅಪ್ಪ ಅಂಗಿ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡ. ಬಂದು ಕರೆಯುತ್ತಾರೋ, ಒಡವೆಯ ಮಾತು ತರುತ್ತಾರೋ, ಅವರ ಮುಖ ನೋಡುವ ತನಕ ಯಾರಿಗೂ ಗೊತ್ತಿರಲಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ಭಾವ ಧೂಳು ಹಿಡಿದ ಮುಖದಲ್ಲಿ ನಿಂತಿದ್ದರು. ಚಪ್ಪಲಿ ಬಿಡುವ ಮೊದಲೇ, ಅಕ್ಕನ ಕಡೆ ನೋಡುವ ಮೊದಲೇ, ಕಂಬದ ಕಡೆ ತಿರುಗಿದರು.

“ಅಜ್ಜೀ, ಆರಾಮಿದ್ದೀರೇನ್ರಿ? ನಮ್ಮಪ್ಪನೂ ಕೇಳ್ಯಾನ. ರಜಿತಾನ ಕರಕೊಂಡು ಹೋಗಾಕ ಬಂದೀನಿ.”

ಅಜ್ಜಿ ಅಡಿಕೆ ಬಾಯಿಗೆ ಹಾಕಿಕೊಂಡು ಅವರನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನನ್ನ ಕಡೆ ಕೈ ಬೀಸಿದಳು.

“ಇಂವ ಅಂವನೇ. ಹೋಗು ಶಿರೀಷಾ, ಈಗ ಬಿಚ್ಚು ಆ ಗಂಟು.”